ಮಳೆಗಾಲವೂ ಮನೆವಾರ್ತೆಯೂ

ಮೃಗಶಿರಾ ಮಳೆಯು ಕೂಡಿತೆಂದರೆ ಕೃಷ್ಣೆ ಹಾಗೂ ತುಂಗಭದ್ರೆಗಳ ನಡುವಿನ ಈ ಸೀಮೆಯ ರೈತನ ಮೋರೆಯ ಮೇಲೆ ಕಳೆ ಏರುವದು. ನಾಲ್ಕು ತಿಂಗಳು ಕೆಂಡದಂತೆ ಕಾದ ನೆಲವು ಒಂದು ಇರುಳಿನಲ್ಲಿ ತಣಿಯುವದು. ಎರೆಯ ಹೊಲದ ಬಿರುಕುಗಳು ಮುಚ್ಚಿಕೊಳ್ಳುವವು. ಪೇಟೆಯಲ್ಲಿ ಬೀಜದ ಅಂಗಡಿಗಳ ಮುಂದೆ ಜನರ ಸಾಲು ನಿಲ್ಲುವದು. ವರ್ಷಕ್ಕೆ 600 ಮಿಲಿಮೀಟರಿಗಿಂತ ತುಸುವೇ ಮಿಕ್ಕ ಮಳೆಯನ್ನು ಕಾಣುವ ರಾಯಚೂರು ಜಿಲ್ಲೆಯವರ ಬಾಯಲ್ಲಿ ಮಳೆಯನ್ನು ಹಳಿಯುವ ಮಾತು ಎಂದೂ ಬರಲಾರದು. ಬರಬಾರದು ಕೂಡ.

ಹೀಗಿರಲು, ಮಳೆಗಾಲದ ಎಚ್ಚರಿಕೆಯ ಮಾತೇನಿದ್ದರೂ ಮಲೆನಾಡಿನವರಿಗಿರಲಿ, ಬಿಸಿಲನಾಡಿನ ನಮಗದರ ಗೊಡವೆಯೇಕೆಂದು ಕೇಳುವವರುಂಟು. ವಿಚಾರಿಸಿ ನೋಡಿದರೆ ಸಂಗತಿಯು ವಿಪರೀತವಾಗಿರುವದು. ಮಲೆನಾಡಿನ ಮನೆಯು ಮಳೆಯನ್ನು ಕುರಿತೇ ಕಟ್ಟಿದ ಮನೆ. ಅದರ ಮಾಡು ಇಳಿಜಾರು, ಅದರ ಅಂಗಳದ ನೀರಿಗೆ ಹಾದಿಯುಂಟು, ಅದರ ಒಡತಿಯು ಮಳೆಗಾಲದ ಸೌದೆಯನ್ನು ಮಾಘಮಾಸದಲ್ಲೇ ಒಟ್ಟಿಡುವಳು. ನಮ್ಮ ಮನೆಯಾದರೋ ಬಿಸಿಲನ್ನು ಕುರಿತು ಕಟ್ಟಿದುದು: ದಪ್ಪ ಮಣ್ಣಿನ ಗೋಡೆ, ಸಮತಲವಾದ ಮಣ್ಣಿನ ಮಾಳಿಗೆ, ಕಿರಿದಾದ ಕಿಟಕಿ, ತಗ್ಗಿನಲ್ಲಿ ತಂಪಾದ ಪಡಸಾಲೆ. ಇದು ಚೈತ್ರ ವೈಶಾಖಗಳಲ್ಲಿ ಸ್ವರ್ಗ. ಉತ್ತರಾ ಹಸ್ತಾ ಮಳೆಗಳಲ್ಲಿ ಇದೇ ಮನೆ ಪ್ರಾಣಕ್ಕೆ ಸಂಚಕಾರ. ಮಳೆ ಕಡಿಮೆ ಬೀಳುವ ಊರಿಗೆ ಮಳೆಯ ಅಭ್ಯಾಸವೂ ಕಡಿಮೆ. ಅಭ್ಯಾಸವಿಲ್ಲದವನನ್ನೇ ಅಪಾಯವು ಮೊದಲು ಹಿಡಿಯುವದು.

ಎರಡನೆಯ ಮಾತೆಂದರೆ, ನಾವು ಮಳೆಗಾಲವೆಂದು ಪಂಚಾಂಗದಲ್ಲಿ ಗುರುತು ಮಾಡಿಕೊಂಡ ಕಾಲವೂ, ಅದರ ರೋಗಗಳು ಬರುವ ಕಾಲವೂ ಒಂದೇ ಅಲ್ಲ. ಅಧಿಕಾರಿವರ್ಗದವರು ಜೂನ್ ತಿಂಗಳಲ್ಲಿ ಸಭೆ ಸೇರಿ, ಮುಂಜಾಗ್ರತೆಯ ಸುತ್ತೋಲೆಗಳನ್ನು ಹೊರಡಿಸಿ, ಸೆಪ್ಟೆಂಬರ ಕಳೆಯುತ್ತಲೆ ಕಡತವನ್ನು ಕಟ್ಟಿಡುವದು ವಾಡಿಕೆ. ನಮ್ಮ ಜಿಲ್ಲೆಯ ಈಚಿನ ಅನುಭವವು ಈ ವಾಡಿಕೆಗೆ ಒಪ್ಪುವದಿಲ್ಲ. ಮೂರು ಪ್ರಸಂಗಗಳನ್ನು ವಾಚಕರ ಮುಂದಿಡುವೆವು.

ಮೊದಲನೆಯದು ರಾಯಚೂರು ನಗರದ್ದು. 2022ನೆಯ ಇಸವಿಯ ಮೇ ತಿಂಗಳ ಕಡೆಯ ವಾರದಲ್ಲಿ, ಅಂದರೆ ಮುಂಗಾರು ಇನ್ನೂ ನಮ್ಮ ಗಡಿಯನ್ನು ಮುಟ್ಟುವ ಮುಂಚೆ, ಇಂದಿರಾನಗರ ಮೊದಲಾದ ಬಡಾವಣೆಗಳಲ್ಲಿ ನಲ್ಲಿಯ ನೀರು ಕುಡಿದವರಿಗೆ ವಾಂತಿಭೇದಿ ಹತ್ತಿತು. ಆಸ್ಪತ್ರೆಗಳು ತುಂಬಿದುವು. ಕೆಲವರು ಪ್ರಾಣವನ್ನೇ ತೆತ್ತರು. ರಾಂಪುರದ ಜಲಶುದ್ಧೀಕರಣ ಘಟಕದ ನಿರ್ವಹಣೆಯ ವಿಷಯದಲ್ಲಿಯೂ, ಊರೊಳಗಿನ ಹಳೆಯ ಕೊಳವೆಗಳ ವಿಷಯದಲ್ಲಿಯೂ ಪ್ರಶ್ನೆಗಳೆದ್ದುವು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ವಿಚಾರಣೆಗೆ ಅಪ್ಪಣೆ ಮಾಡಿ, ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಸಾರಿದರು. ಎರಡು ಮಹಾನದಿಗಳ ನಡುವೆ ನಿಂತ ಪಟ್ಟಣದಲ್ಲಿ ಒಂದು ತಂಬಿಗೆ ಕುಡಿಯುವ ನೀರಿನಿಂದ ಮನುಷ್ಯನು ಸಾಯುವದೆಂದರೆ ಅದಕ್ಕಿಂತ ನಾಚಿಕೆಗೇಡು ಮತ್ತೊಂದುಂಟೆ?

ಎರಡನೆಯದು ದೇವದುರ್ಗ ತಾಲೂಕಿನ ರೇಕಲಮರಡಿಯದು. ಮರುವರ್ಷ 2023ರಲ್ಲಿ, ಮತ್ತೆ ಅದೇ ಮೇ ತಿಂಗಳ ಕೊನೆಗೆ, ಕಲುಷಿತ ನೀರಿನಿಂದ ಆ ಹಳ್ಳಿಯ ಜನರು ಹಾಸಿಗೆ ಹಿಡಿದರು. ಒಂದು ಬಾಲಕನು ತೀರಿಕೊಂಡನು. ನಗರಕ್ಕೊಂದು ಕಾರಣ, ಹಳ್ಳಿಗೊಂದು ಕಾರಣವೆಂದು ಹೇಳುವದಕ್ಕೆ ಎಡೆಯಿಲ್ಲದಂತೆ ತಿಂಗಳೂ ಒಂದೇ, ರೋಗವೂ ಒಂದೇ.

ಮೂರನೆಯದು ಮಾನ್ವಿ ತಾಲೂಕಿನದು. 2022ರ ಡಿಸೆಂಬರದಲ್ಲಿ, ಮಳೆ ನಿಂತು ಎರಡು ತಿಂಗಳಾದ ಬಳಿಕ, ಅಲ್ಲಿಯ ಒಂದು ಕ್ಯಾಂಪಿನ ಐದು ವರ್ಷದ ಬಾಲೆಗೆ ಜೀಕಾ ರೋಗವು ತಗಲಿರುವದೆಂದು ಪುಣೆಯ ಪ್ರಯೋಗಶಾಲೆಯು ತಿಳಿಸಿತು. ಕರ್ನಾಟಕದಲ್ಲಿ ಆ ರೋಗವು ಕಾಣಿಸಿಕೊಂಡುದು ಅದೇ ಮೊದಲು. ಬೆಂಗಳೂರಿನಲ್ಲಲ್ಲ, ವಿಮಾನಗಳು ಇಳಿಯುವ ಊರಿನಲ್ಲಲ್ಲ, ಮಾನ್ವಿಯಲ್ಲಿ. ಆ ಮಗುವು ಪರಸ್ಥಳಕ್ಕೆ ಪ್ರಯಾಣ ಮಾಡಿರಲಿಲ್ಲವೆಂದು ಸರಕಾರವೇ ತಿಳಿಸಿತು.

ಈಗ ನೀರಿನ ಮಾತನ್ನು ಮೊದಲು ಎತ್ತಿಕೊಳ್ಳುವೆವು. ಯಾಕಂದರೆ ಉಳಿದೆಲ್ಲ ಮಾತುಗಳಿಗಿಂತ ಅದು ದೊಡ್ಡದು.

ಮೇ ತಿಂಗಳೇ ಏಕೆ? ಬೇಸಗೆಯಲ್ಲಿ ಕೆರೆಯ ನೀರು ತಳ ಕಾಣುವದು. ಉಳಿದ ಅಲ್ಪ ನೀರಿನಲ್ಲಿ ಕೆಸರೂ ಪಾಚಿಯೂ ಅಧಿಕ. ಆಗಲೇ ನಲ್ಲಿಯ ನೀರು ದಿನ ಬಿಟ್ಟು ದಿನ, ಕೆಲವೆಡೆ ಅದಕ್ಕೂ ವಿರಳವಾಗಿ ಬರುವದು. ನೀರು ನಿಂತ ಹೊತ್ತಿನಲ್ಲಿ ಕೊಳವೆಯೊಳಗೆ ಒತ್ತಡವಿರುವದಿಲ್ಲ. ಚರಂಡಿಯ ಪಕ್ಕದಲ್ಲೋ ಕೆಳಗೋ ಹಾದು ಹೋಗುವ ಸವೆದ ಕೊಳವೆಯು ಆಗ ಹೊರಗಿನ ಹೊಲಸನ್ನು ತನ್ನ ತೂತುಗಳಿಂದ ಒಳಕ್ಕೆ ಹೀರಿಕೊಳ್ಳುವದು. ಮನೆಮನೆಯವರು ನೀರೆಳೆಯಲು ನಲ್ಲಿಗೆ ಹಚ್ಚುವ ವಿದ್ಯುತ್ ಪಂಪು ಈ ಹೀರುವಿಕೆಗೆ ಮತ್ತಷ್ಟು ಬಲ ಕೊಡುವದು. ಪಂಪು ಹಚ್ಚಿದವನು ತಾನು ನೆರೆಯವನ ಪಾಲಿನ ನೀರನ್ನು ಸೆಳೆದೆನೆಂದು ಹಿಗ್ಗುವನು. ಅವನು ನೆರೆಯವನ ಚರಂಡಿಯನ್ನೂ ಸೆಳೆದಿರುವನು! ಇಷ್ಟರಲ್ಲಿ ರೋಹಿಣಿ ಮಳೆಯ ಒಂದೆರಡು ಅಡ್ಡಮಳೆಗಳು ಬಿದ್ದುವೆಂದರೆ, ಬೇಸಗೆಯೆಲ್ಲ ಒಣಗಿ ಬಿದ್ದಿದ್ದ ಹೊಲಸು ಹರಿದು ತಗ್ಗಿಗೆ ಬಂದು ಕೊಳವೆಯ ಸುತ್ತ ನಿಲ್ಲುವದು. ಊರನ್ನು ತೊಳೆಯುವಷ್ಟು ಮಳೆ ಬಾರದೆ, ಊರ ಹೊಲಸನ್ನು ತೇಲಿಸುವಷ್ಟೇ ಬರುವ ಆ ಮೊದಲ ವಾರವೇ ಬಲು ಕೆಟ್ಟದ್ದು.

ಕುಡಿಯುವ ನೀರಿನಿಂದ ವಾಂತಿಭೇದಿಯು ಹರಡುವದೆಂಬುದನ್ನು ಜಗತ್ತು ಕಲಿತು ಬಹಳ ಕಾಲವಾಯಿತು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಎದ್ದಾಗ ಡಾಕ್ಟರ ಜಾನ್ ಸ್ನೋ ಎಂಬವರು ಸತ್ತವರ ಮನೆಗಳನ್ನು ನಕಾಶೆಯಲ್ಲಿ ಗುರುತಿಸಿ, ಅವರೆಲ್ಲರೂ ಹೆಚ್ಚಾಗಿ ಒಂದೇ ಕೈಪಂಪಿನ ನೀರು ಕುಡಿದವರೆಂದು ತೋರಿಸಿ, ಆ ಪಂಪಿನ ಹಿಡಿಕೆಯನ್ನು ತೆಗೆಸಿದರು. ಅಂದು ರೋಗಾಣುವನ್ನು ಕಂಡವರು ಬಹಳಿಲ್ಲ. ಆದರೂ ಹಿಡಿಕೆ ತೆಗೆಯುವದಕ್ಕೆ ತಡವಾಗಲಿಲ್ಲ. ಇಂದು ನಮ್ಮಲ್ಲಿ ರೋಗಾಣುವಿನ ಕುಲಗೋತ್ರಗಳೆಲ್ಲ ತಿಳಿದಿರುವವು. ಕೊರತೆಯಿರುವದು ಹಿಡಿಕೆಗೆ ಕೈ ಹಾಕುವವರದು.

ಮನೆಯವರು ಮಾಡತಕ್ಕದ್ದೇನು? ನೀರನ್ನು ಕುದಿಸಿ ಕುಡಿಯಿರೆಂದು ಹೇಳಿಬಿಡುವದು ಸುಲಭ. ಎಲ್ಲ ಸುತ್ತೋಲೆಗಳೂ ಅಷ್ಟು ಹೇಳಿ ಕೈ ತೊಳೆದುಕೊಳ್ಳುವವು. ಕುದಿಸುವದೆಂದರೆ ಕೈಗೆ ಬಿಸಿ ತಗಲುವಷ್ಟು ಕಾಯಿಸುವದಲ್ಲ. ನೀರು ಬುಡದಿಂದ ಗುಳ್ಳೆಯೆದ್ದು ಮಗುಚಬೇಕು, ಹಾಗೆ ಒಂದು ನಿಮಿಷವಾದರೂ ಮಗುಚಿದ ಮೇಲೆ ಇಳಿಸಿ, ಮುಚ್ಚಿ, ಅದೇ ಪಾತ್ರೆಯಲ್ಲಿ ಆರಗೊಡಬೇಕು. ಕುದಿಸಿದ ನೀರನ್ನು ನಿನ್ನೆಯ ಹಸಿನೀರು ತಳದಲ್ಲುಳಿದ ಹರವಿಗೆ ಸುರಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಆದರೆ ಐದು ಮಂದಿಯ ಸಂಸಾರಕ್ಕೆ ಕುಡಿಯಲು ನಿತ್ಯ ಹತ್ತು ಹನ್ನೆರಡು ಲೀಟರು ನೀರು ಬೇಕು. ಸಿಲಿಂಡರು ತಿಂಗಳ ತುದಿ ಮುಟ್ಟದ ಮನೆಯಲ್ಲಿ, ತೊಗರಿಕಟ್ಟಿಗೆಯೋ ಹತ್ತಿಕಟ್ಟಿಗೆಯೋ ತೊಯ್ದು ಹೊಗೆಯುವ ಒಲೆಯ ಮುಂದೆ ಕುಳಿತ ತಾಯಿಗೆ ಈ ಉಪದೇಶವು ಹೇಗೆ ಕೇಳಿಸುವದೆಂಬುದನ್ನು ಸುತ್ತೋಲೆ ಬರೆಯುವವರು ಒಮ್ಮೆ ಯೋಚಿಸಬೇಕೆಂದು ನಾವು ವಿನಯಪೂರ್ವಕವಾಗಿ ಸೂಚಿಸುವೆವು.

ಅಂಥ ಮನೆಗೆ ಕ್ಲೋರಿನ್ ಗುಳಿಗೆಯೇ ದಾರಿ. ಆರೋಗ್ಯಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಇವು ದೊರೆಯತಕ್ಕವು. ದೊರೆಯದಿದ್ದರೆ ಕೇಳಿ ತರಿಸಿಕೊಳ್ಳಬೇಕು. ಚೀಟಿಯ ಮೇಲೆ ಬರೆದಷ್ಟೇ ನೀರಿಗೆ ಬರೆದಷ್ಟೇ ಗುಳಿಗೆ ಹಾಕಿ, ಅರ್ಧ ತಾಸು ಮುಟ್ಟದೆ ಬಿಡತಕ್ಕದ್ದು. ಇದರಲ್ಲೊಂದು ಗುಟ್ಟುಂಟು: ಕೆಸರುನೀರಿನಲ್ಲಿ ಕ್ಲೋರಿನ್ನು ಕೆಲಸ ಮಾಡದು; ಅದರ ಶಕ್ತಿಯನ್ನೆಲ್ಲ ಕೆಸರೇ ತಿಂದುಹಾಕುವದು. ಆದುದರಿಂದ ಮೊದಲು ನೀರನ್ನು ತಿಳಿಗೊಳಿಸಿ, ಹಳೆಯ ಹತ್ತಿಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಆಮೇಲೆ ಗುಳಿಗೆ ಹಾಕಬೇಕು. ಸೀರೆಯಲ್ಲಿ ಸೋಸುವ ನಮ್ಮ ಅಜ್ಜಿಯರ ಪದ್ಧತಿಯನ್ನು ನಕ್ಕವರಿಗೆ ಒಂದು ಮಾತು: ಬಾಂಗ್ಲಾದೇಶದ ಹಳ್ಳಿಗಳಲ್ಲಿ ಅಮೇರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಹಾಗೂ ಅವರ ಸಂಗಡಿಗರು ಇದನ್ನೇ ಪರೀಕ್ಷಿಸಿ, ಕಾಲರಾ ಹೆಚ್ಚುಕಡಿಮೆ ಅರ್ಧಕ್ಕಿಳಿದುದನ್ನು 2003ರಲ್ಲಿ ಪ್ರಕಟಿಸಿದರು. ಸೀರೆಯೊಂದೇ ಸಾಕೆಂದು ಇದರ ಅರ್ಥವಲ್ಲ. ಅದು ಮೊದಲ ಮೆಟ್ಟಲು.

ಮತ್ತೊಂದು ಸಂಗತಿಯನ್ನು ಈ ಜಿಲ್ಲೆಯವರು ಮರೆಯಬಾರದು. ನಮ್ಮ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಉಂಟು. ಅದು ಕುದಿಸಿದರೆ ಹೋಗುವದಿಲ್ಲ. ನೀರು ಆವಿಯಾದಷ್ಟೂ ಅದರ ಅಂಶವು ಗಟ್ಟಿಯಾಗುವದು. ಅಂಥ ಊರಿನವರು ಪರೀಕ್ಷೆಯಾದ ಬೇರೆ ಮೂಲದ ನೀರನ್ನೇ ಕುಡಿಯಲು ಹಿಡಿದು, ರೋಗಾಣುವಿಗಾಗಿ ಅದನ್ನು ಕಾಯಿಸುವದು ಯೋಗ್ಯ.

ಇಷ್ಟೆಲ್ಲ ಮಾಡಿಯೂ ಭೇದಿ ಹತ್ತಿದರೆ, ಕೊಲ್ಲುವದು ಭೇದಿಯಲ್ಲ, ಮೈಯೊಳಗಿನ ನೀರೂ ಉಪ್ಪೂ ಬರಿದಾಗುವದು. ಒಂದು ಲೀಟರು ಶುದ್ಧ ನೀರಿಗೆ ಚಹದ ಚಮಚೆಯಿಂದ ಸಮನಾಗಿ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರಸಿ, ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು, ಆಸ್ಪತ್ರೆಯ ಓ.ಆರ್.ಎಸ್. ಪೊಟ್ಟಣವಿದ್ದರೆ ಇನ್ನೂ ಉತ್ತಮ. ಮಗುವು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ತಡೆದು ಮತ್ತೆ ಕುಡಿಸಬೇಕು, ಎದೆಹಾಲು ನಿಲ್ಲಿಸಬಾರದು. 1971ರ ನಿರಾಶ್ರಿತರ ಶಿಬಿರದಲ್ಲಿ, ಬಂಗಾಲದ ಬನಗಾಂವದಲ್ಲಿ, ಶಿರೆಗೆ ಹಾಕುವ ದ್ರವವು ತೀರಿಹೋದಾಗ ಡಾಕ್ಟರ ದಿಲೀಪ ಮಹಲನಬೀಸರು ಈ ಉಪ್ಪುಸಕ್ಕರೆಯ ನೀರನ್ನೇ ಡಬ್ಬಗಳಲ್ಲಿ ತುಂಬಿಟ್ಟು ಸಾವಿರಾರು ಜೀವಗಳನ್ನುಳಿಸಿದರು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಭಾರತ ಸರಕಾರವು ಅವರಿಗೆ ಪದ್ಮವಿಭೂಷಣವನ್ನು ಕೊಟ್ಟಿತು. ನಮ್ಮ ದೇಶದವನೊಬ್ಬನು ಜಗತ್ತಿಗೆ ಕೊಟ್ಟ ಈ ಔಷಧವನ್ನು ನಮ್ಮ ಮನೆಗಳಲ್ಲಿ ಬಿಟ್ಟು, ಭೇದಿ ಹತ್ತಿದ ಕೂಸಿಗೆ ನೀರು ಕುಡಿಸಬಾರದೆಂಬ ಹಟವನ್ನು ಇನ್ನೂ ಹಿಡಿದ ಹಿರಿಯರಿರುವರು. ಅವರಿಗೆ ಗೌರವದಿಂದಲೇ ವಿರೋಧ ಹೇಳತಕ್ಕದ್ದು. ಮಗುವಿನ ಕಣ್ಣು ಗುಳಿಬಿದ್ದು, ಮೂತ್ರ ನಿಂತು, ಜೋಮು ಹತ್ತಿದಂತಾದರೆ ಮಾತ್ರ ಮನೆಯ ಉಪಚಾರ ಸಾಲದು. ಆಗ ಒಂದು ಗಳಿಗೆಯೂ ತಡವಿಲ್ಲದೆ ದವಾಖಾನೆಗೆ ಒಯ್ಯಬೇಕು.

ಊಟದ ಮಾತನ್ನು ಎರಡೇ ನುಡಿಗಳಲ್ಲಿ ಮುಗಿಸುವೆವು. ಈ ಸೀಮೆಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳಲ್ಲಿ ನೀರಿನ ಪಸೆಯಿಲ್ಲ. ಪಸೆಯಿಲ್ಲದಲ್ಲಿ ರೋಗಾಣು ಬೆಳೆಯದು. ಮಳೆಯ ಸಂಜೆ ಮಂಡಾಳ ಒಗ್ಗರಣೆ ಮಿರ್ಚಿ ಬಜಿಗಳನ್ನು ಬಿಡಿರೆಂದು ಹೇಳುವಷ್ಟು ಅರಸಿಕರು ನಾವಲ್ಲ. ಕುದಿಯುವ ಎಣ್ಣೆಯಿಂದ ಎದ್ದ ಬಜಿಯು ನಿರಪರಾಧಿ. ಅದರ ಮಗ್ಗುಲಲ್ಲಿ ಮುಂಜಾನೆಯೇ ಹೆಚ್ಚಿಟ್ಟ ಉಳ್ಳಾಗಡ್ಡಿಯನ್ನೂ, ಹಸಿನೀರು ಬೆರಸಿದ ಚಟ್ನಿಯನ್ನೂ ಸಂಶಯದಿಂದ ನೋಡಿರಿ.

ಇನ್ನು ಸೊಳ್ಳೆಯ ವಿಚಾರ. 1897ರ ಆಗಸ್ಟ 20ರಂದು ರೊನಾಲ್ಡ್ ರಾಸ್ ಎಂಬ ಸೇನಾವೈದ್ಯರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಾಣುವನ್ನು ಕಂಡುದು ಸಿಕಂದರಾಬಾದಿನಲ್ಲಿ. ಅಂದು ನಮ್ಮ ರಾಯಚೂರೂ ಅದೇ ನಿಜಾಮ ಸಂಸ್ಥಾನದೊಳಗಿದ್ದಿತು. ಹೀಗೆ ಸೊಳ್ಳೆಯ ಅಪರಾಧವು ಸಾಬೀತಾದುದು ನಮ್ಮ ಅಂಗಳದಲ್ಲೆಂದರೂ ಸಲ್ಲುವದು. ಆದರೆ ರಾಸರ ಸೊಳ್ಳೆ ಬೇರೆ, ಡೆಂಗಿ, ಚಿಕೂನ್‌ಗುನ್ಯಾ, ಜೀಕಾಗಳ ಸೊಳ್ಳೆ ಬೇರೆ. ಅದು ಇರುಳಿನಲ್ಲಿ ಕಚ್ಚುವದು. ಇದು ಹಗಲಿನಲ್ಲಿ, ಮುಖ್ಯವಾಗಿ ಬೆಳಗಿನ ಹಾಗೂ ಸಂಜೆಯ ಹೊತ್ತಿನಲ್ಲಿ ಕಚ್ಚುವದು. ಇದು ಚರಂಡಿಯನ್ನು ಒಲ್ಲದು. ನಾವು ಜೋಪಾನದಿಂದ ತುಂಬಿಟ್ಟ ತಿಳಿನೀರೇ ಇದಕ್ಕೆ ಬೇಕು.

ಇಲ್ಲಿ ಒಂದು ಕಟುಸತ್ಯವುಂಟು. ನಲ್ಲಿಯ ನೀರು ನಿತ್ಯ ಬರುವ ಮನೆಯವರು ನೀರನ್ನು ಕೂಡಿಹಾಕುವದಿಲ್ಲ. ನಾಲ್ಕಾರು ದಿನಕ್ಕೊಮ್ಮೆ ಬರುವ ಮನೆಯವರು ಹರವಿ, ಕೊಡ, ಹಂಡೆ, ಡ್ರಮ್ಮು, ಸಿಮೆಂಟಿನ ತೊಟ್ಟಿಗಳಲ್ಲೆಲ್ಲ ತುಂಬಿಡುವರು. ತತ್ತಿಯು ಹಾರುವ ಸೊಳ್ಳೆಯಾಗಲು ಬೆಚ್ಚನೆಯ ದಿನಗಳಲ್ಲಿ ಎಂಟು ಹತ್ತು ದಿವಸ ಸಾಕು. ನೀರಿನ ಅಭಾವವೇ ಸೊಳ್ಳೆಯ ಸುಭಿಕ್ಷ. ಆದುದರಿಂದ ವಾರಕ್ಕೊಂದು ದಿನ ಎಲ್ಲ ಪಾತ್ರೆಗಳನ್ನು ಬರಿದುಮಾಡಿ ಒಣಗಿಸಬೇಕೆಂಬ ಮಾತು ಸರಿಯೇ, ಆದರೆ ಅರ್ಧದಷ್ಟೇ ಸರಿ. ಈ ಸೊಳ್ಳೆಯು ತತ್ತಿಗಳನ್ನು ನೀರಿನಂಚಿಗೆ ಪಾತ್ರೆಯ ಗೋಡೆಗೆ ಅಂಟಿಸುವದು. ನೀರು ಚೆಲ್ಲಿದರೂ, ಬಿಸಿಲಿಗೆ ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿರುವವು. ಮುಂದೆ ನೀರು ಮುಟ್ಟಿದೊಡನೆ ಒಡೆಯುವವು. ಮಾನ್ವಿಯಲ್ಲಿ ರೋಗವು ಡಿಸೆಂಬರದಲ್ಲಿ ಹೇಗೆ ಬಂತೆಂದು ಅಚ್ಚರಿಪಟ್ಟವರಿಗೆ ಇದೊಂದು ಉತ್ತರ. ತುಂಬಿಟ್ಟ ನೀರಿಗೆ ಮಳೆಗಾಲವೆಂಬುದಿಲ್ಲ. ತೆಂಗಿನ ಚಿಪ್ಪಿನ ನಾರಿನಿಂದಲೋ ಬ್ರಶ್ಶಿನಿಂದಲೋ ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ತುಂಬಿದ ಮೇಲೆ ಬಾಯಿಗೆ ಬಟ್ಟೆ ಕಟ್ಟಬೇಕು. ಮಾಳಿಗೆಯ ಮೇಲಿನ ಟಾಕಿಯ ಮುಚ್ಚಳವು ಗಾಳಿಗೆ ಹಾರಿಹೋಗಿರುವದೋ ಹೇಗೆಂದು ಮನೆಯ ಯಜಮಾನನು ಹತ್ತಿ ನೋಡಿ ಎಷ್ಟು ದಿನವಾಯಿತು?

ಜೀಕಾ ಬಹುತೇಕ ಜನರಿಗೆ ಸಾಧಾರಣ ಜ್ವರದಂತೆ ಬಂದುಹೋಗುವದು. ಗರ್ಭಿಣಿಗೆ ತಗಲಿದರೆ ಮಾತ್ರ ಹೊಟ್ಟೆಯೊಳಗಿನ ಕೂಸಿನ ತಲೆಯ ಬೆಳವಣಿಗೆಯನ್ನೇ ಕೆಡಿಸಬಲ್ಲದು. ಬಾಣಂತಿಗೆ ಇರುಳು ಪರದೆ ಕಟ್ಟುವ ನಮ್ಮವರು ಬಸುರಿಗೆ ಹಗಲು ನಿದ್ದೆಯಲ್ಲೂ ಪರದೆ ಕಟ್ಟುವದನ್ನು ಕಲಿಯಬೇಕು. ಡೆಂಗಿಯ ಜ್ವರದಲ್ಲಿ ಮೈನೋವಿಗೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್ ತಂದು ನುಂಗುವದು ರಕ್ತಸ್ರಾವಕ್ಕೆ ದಾರಿ. ಪ್ಯಾರಾಸಿಟಮಾಲ್ ಒಂದೇ ತಕ್ಕದ್ದು. ಜ್ವರವಿಳಿದ ದಿನವೇ ಅಪಾಯದ ದಿನವೆಂಬುದು ಬಹುಜನರಿಗೆ ತಿಳಿಯದು. ಮೈ ತಣ್ಣಗಾಯಿತೆಂದು ಸಂತೋಷಪಡುವ ಹೊತ್ತಿನಲ್ಲಿಯೇ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡಬೇಕು.

2024ರ ಸೆಪ್ಟೆಂಬರದಲ್ಲಿ ರಾಜ್ಯ ಸರಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಗೊಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ನಿಯಮವನ್ನು ನಾವು ವಿರೋಧಿಸುವದಿಲ್ಲ. ಆದರೆ ಸರಕಾರಿ ಕಚೇರಿಗಳ ಹಿತ್ತಲಿನ ಹಳೆಯ ಟಾಯರುಗಳಲ್ಲಿ, ಠಾಣೆಯ ಮುಂದೆ ವರ್ಷಗಟ್ಟಲೆ ನಿಂತ ಜಪ್ತಿಯ ವಾಹನಗಳಲ್ಲಿ ಮಳೆನೀರು ನಿಂತರೆ ಅದರ ದಂಡವನ್ನು ಯಾರು ಯಾರಿಗೆ ಕೊಡತಕ್ಕದ್ದೆಂಬ ವಿವರವನ್ನೂ ಸಾರ್ವಜನಿಕರಿಗೆ ತಿಳಿಸಿದ್ದರೆ ಚೆನ್ನಾಗಿತ್ತು.

ಮನೆಯ ಗೋಡೆಯ ಕಡೆಗೆ ತಿರುಗೋಣ. 2009ರ ಸೆಪ್ಟೆಂಬರ ಕೊನೆಯಿಂದ ಅಕ್ಟೋಬರ 2ರ ವರೆಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಯನ್ನು ಈ ಜಿಲ್ಲೆಯು ಮರೆಯಲಾರದು. ತುಂಗಭದ್ರೆಯು ಮಂತ್ರಾಲಯದ ಮಠದೊಳಕ್ಕೆ ನುಗ್ಗಿದ ದಿನಗಳವು. ರಾಜ್ಯದಲ್ಲಿ ಇನ್ನೂರಕ್ಕೂ ಮಿಕ್ಕಿ ಜನರು ಅಸುನೀಗಿದರು. ಅವರಲ್ಲಿ ಹೊಳೆಯು ಸೆಳೆದೊಯ್ದವರಷ್ಟೇ ಅಲ್ಲ, ತಮ್ಮ ಮನೆಯ ಗೋಡೆಯ ಕೆಳಗೆ ಸಿಕ್ಕವರೂ ಬಹಳ ಮಂದಿ. ಹೊಳೆ ಬರುವದು ಕಾಣುವದು, ಕೇಳುವದು. ಗೋಡೆಯು ಸದ್ದಿಲ್ಲದೆ ಬೀಳುವದು, ಹೆಚ್ಚಾಗಿ ಇರುಳು, ಮನೆಯವರು ಅದರ ಮಗ್ಗುಲಲ್ಲೇ ಮಲಗಿರುವಾಗ.

ನಮ್ಮ ಮಾಳಿಗೆಯ ಮನೆಯಲ್ಲೊಂದು ಗುಪ್ತವಾದ ಲೆಕ್ಕವುಂಟು. ಸೋರಿದಲ್ಲೆಲ್ಲ ಪ್ರತಿವರ್ಷ ಮೇಲೆ ಒಂದಿಷ್ಟು ಮಣ್ಣು ಹಾಕುವರು. ಹಳೆಯದನ್ನು ಕೆಳಗಿಳಿಸುವವರು ಅಪರೂಪ. ಅಜ್ಜನ ಕಾಲದ ತೊಲೆ, ಮೊಮ್ಮಗನ ಕಾಲದ ಭಾರ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಅರ್ಧ ಅಡಿ ಹಸಿಮಣ್ಣೆಂದರೆ ಎರಡು ಟನ್ನಿಗೂ ಮೀರಿದ ತೂಕ. ಬಿರುಮಳೆಯು ಮೇಲಿಂದ ಹರಿದುಹೋಗುವದು; ಮೂರು ದಿನ ಬಿಡದೆ ಹಿಡಿದ ಜಿಟಿಜಿಟಿ ಮಳೆಯೇ ಗೋಡೆಯ ಹೊಟ್ಟೆಯನ್ನು ಹೊಗುವದು. ಬುಡವು ನೆನೆದು ಮೆತ್ತಗಾದ ಗೋಡೆಯು ಮಳೆ ನಿಂತು ಬಿಸಿಲು ಬಿದ್ದ ಮೇಲೂ ಕುಸಿಯುವದುಂಟು. ಆದುದರಿಂದ ಗೋಡೆಯು ಹೊಟ್ಟೆ ಬಿಟ್ಟಿರುವದು, ತೊಲೆಯ ಕೆಳಗೆ ಹೊಸ ಬಿರುಕು, ಬಾಗಿಲು ಒಮ್ಮೆಲೆ ಬಿಗಿಯಾಗುವದು, ಮಾಳಿಗೆಯಿಂದ ಮಣ್ಣು ಉದುರುವದು — ಇವುಗಳಲ್ಲಿ ಒಂದು ಕಂಡರೂ ಆ ಕೋಣೆಯಲ್ಲಿ ಅಂದಿನ ಇರುಳು ಮಲಗಕೂಡದು. ನೆರೆಯವರ ಪಡಸಾಲೆ, ಗುಡಿ, ಶಾಲೆ ಯಾವುದಾದರೂ ಆದೀತು. ನೆಂಟರ ಮನೆಗೆ ಹೋಗಲು ಸಂಕೋಚಪಟ್ಟು ಸಂಸಾರವನ್ನೇ ಕಳೆದುಕೊಂಡವರ ಸುದ್ದಿಯು ಪ್ರತಿ ಹಸ್ತಾ ಮಳೆಯಲ್ಲಿ ನಮ್ಮ ಮೇಜಿಗೆ ಬರುತ್ತಿರುವದು. ಅದನ್ನು ಅಚ್ಚಿಗೆ ಕಳಿಸುವಾಗ ಕೈ ನಡುಗುವದು.

ಮಳೆಗೆ ಮುಂಚೆ ಮಾಡತಕ್ಕ ಕೆಲಸವು ದೊಡ್ಡದೇನಲ್ಲ. ಮಾಳಿಗೆಯ ನೀರು ಹೊರಬೀಳುವ ಕೊಳವೆಯ ಕಸ ತೆಗೆಯುವದು, ಬಿದ್ದ ನೀರು ಗೋಡೆಯ ಬುಡಕ್ಕೆ ನಿಲ್ಲದಂತೆ ಹೊರಮಗ್ಗುಲಲ್ಲಿ ಇಳಿಜಾರು ಮಾಡುವದು, ಗೋಡೆಗೆ ಒರಗಿಸಿ ಒಟ್ಟಿದ ತಿಪ್ಪೆಯನ್ನೂ ಕಟ್ಟಿಗೆಯನ್ನೂ ದೂರ ಸರಿಸುವದು. ಈ ಕಡೆಯ ಕೆಲಸದಿಂದ ಎರಡು ಲಾಭ. ಕಟ್ಟಿಗೆಯ ರಾಶಿಯು ಹಾವಿನ ಮನೆಯೂ ಹೌದು. ಎರೆಯ ಬಿರುಕುಗಳಲ್ಲಿ ನೀರು ತುಂಬಿದಾಗ ಹಾವುಗಳು ಒಣನೆಲವನ್ನು ಹುಡುಕಿ ಬರುವವು. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ಕಡಿದರೆ ನೋವೇ ತಿಳಿಯದೆ, ಬೆಳಗಿನ ಜಾವ ರೆಪ್ಪೆ ಎತ್ತಲಾಗದ ಸ್ಥಿತಿಯಲ್ಲಿ ಎಚ್ಚರವಾಗುವದುಂಟು. ಮಂಚದ ಮೇಲೆ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗಿದವನಿಗೆ ಈ ಭಯವೂ ಇಲ್ಲ. ಕಡಿದಾಗ ಕೊಯ್ಯುವದು, ಹೀರುವದು, ಬಿಗಿಯಾಗಿ ಹಗ್ಗ ಕಟ್ಟುವದು, ಮಂತ್ರಿಸಿದ ನೀರಿಗಾಗಿ ಅಲೆಯುವದು ಇವೆಲ್ಲ ಕಾಲಹರಣ. ಕಡಿದ ಅಂಗವನ್ನು ಅಲುಗಿಸದೆ, ನಡೆಸದೆ, 108ರ ಗಾಡಿಯಲ್ಲಿ ವಿಷನಿರೋಧಕವಿರುವ ಆಸ್ಪತ್ರೆಗೆ ಸಾಗಿಸಬೇಕು. 2024ರಲ್ಲಿ ಕರ್ನಾಟಕವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕದ್ದೆಂದು ವಿಧಿಸಿತು. ಎಲ್ಲಿ ಎಷ್ಟು ಔಷಧ ಬೇಕೆಂಬುದು ಇದರಿಂದ ಗೊತ್ತಾಗಬೇಕಾಗಿದೆ.

ವಿದ್ಯುತ್ತಿನ ವಿಷಯ. ತೊಯ್ದ ಮಣ್ಣಿನ ಗೋಡೆಗೆ ಬಡಿದ ಸ್ವಿಚ್ಚಿನ ಹಲಗೆ, ತಗಡಿನ ಬಚ್ಚಲುಮನೆ, ಬಟ್ಟೆ ಒಣಹಾಕಲು ಬಿಗಿದ ಕಬ್ಬಿಣದ ತಂತಿ, ಈ ಮೂರೂ ಕೂಡಿದಲ್ಲಿ ಮೃತ್ಯುವಿಗೆ ಆಮಂತ್ರಣ ಬೇಕಾಗಿಲ್ಲ. ತಂತಿಯ ಬದಲು ನೂಲಿನ ಹಗ್ಗ ಕಟ್ಟುವದಕ್ಕೆ ಖರ್ಚೇನು? ವಿದ್ಯುತ್ತು ಸೋರಿದೊಡನೆ ತಾನಾಗಿ ಕಡಿದುಬಿಡುವ 30 ಮಿಲಿಆಂಪಿಯರಿನ ಸ್ವಿಚ್ಚನ್ನು ಮೀಟರಿನ ಪಕ್ಕದಲ್ಲಿ ಹಾಕಿಸುವದಕ್ಕೆ ಒಂದು ಹಬ್ಬದ ಬಟ್ಟೆಯ ಹಣ ಸಾಕು. ಕಂಬದಿಂದ ತಂತಿ ಕಡಿದು ಬಿದ್ದರೆ ದೂರ ನಿಂತು 1912ಕ್ಕೆ ಜೆಸ್ಕಾಂನವರನ್ನು ಕರೆಯತಕ್ಕದ್ದು. ಸಿಡಿಲಿನ ಹೊತ್ತಿಗೆ ಹೊಲದಲ್ಲಿದ್ದವರು ಬೇವಿನ ಮರದ ಕೆಳಗೆ ನಿಲ್ಲುವದನ್ನು ಬಿಡಬೇಕು. ಕಡೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವ ವರೆಗೆ ಮನೆಯ ಹೊರಗೆ ಬರಬಾರದು.

ದೇವದುರ್ಗದ ಕಡೆ ಕೃಷ್ಣೆಯ ದಂಡೆಯವರಿಗೂ, ವಿಜಯದಾಸರು ಹುಟ್ಟಿದ ಚೀಕಲಪರವಿಯಂಥ ತುಂಗಭದ್ರೆಯ ದಂಡೆಯ ಊರವರಿಗೂ ಹೊಳೆಯ ಮಾತನ್ನು ನಾವು ಕಲಿಸಬೇಕಾಗಿಲ್ಲ. ಮಳೆಯು ನಮ್ಮಲ್ಲಿ ಬೀಳದಿದ್ದರೂ ಸಹ್ಯಾದ್ರಿಯಲ್ಲಿ ಬಿದ್ದ ನೀರು ನಾರಾಯಣಪುರದ ಗೇಟುಗಳಿಂದ ಬರುವದು. 2019ರ ಆಗಸ್ಟಿನಲ್ಲಿ ಹೂವಿನಹೆಡಗಿಯ ಸೇತುವೆ ಮುಳುಗಿದುದು ಹಾಗೆಯೇ. 2024ರ ಆಗಸ್ಟ 10ರ ಇರುಳು ತುಂಗಭದ್ರಾ ಆಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗಲಂತೂ ಮುಗಿಲಲ್ಲಿ ಮೋಡದ ಅವಶ್ಯವೂ ಇರಲಿಲ್ಲ. ದಂಡೆಯವರು ಪಡಿತರ ಚೀಟಿ, ಆಧಾರ, ಹೊಲದ ಕಾಗದಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದೇ ಚೀಲದಲ್ಲಿಟ್ಟಿರಲಿ. ಜಿಲ್ಲೆಯ ವಿಪತ್ತು ಕೇಂದ್ರದ 1077 ಸಂಖ್ಯೆ ಗೋಡೆಯ ಮೇಲೆ ಬರೆದಿರಲಿ.

ಕೊನೆಗೆ ಮತ್ತೆ ನೀರಿಗೇ ಬರುವೆವು. ಇಷ್ಟೂ ಹೊತ್ತು ಮನೆಯವರ ಕರ್ತವ್ಯಗಳನ್ನು ಹೇಳಿದೆವು. ಇದರಿಂದ ಪೌರಸಂಸ್ಥೆಗಳೂ ಪಂಚಾಯತಿಗಳೂ ತಮ್ಮ ಹೊರೆಯು ಇಳಿಯಿತೆಂದು ತಿಳಿಯಕೂಡದು. ಇಂದಿರಾನಗರದಲ್ಲಿಯಾಗಲಿ ರೇಕಲಮರಡಿಯಲ್ಲಿಯಾಗಲಿ ಜನರು ಹಳ್ಳದ ನೀರು ಕುಡಿದು ಸಾಯಲಿಲ್ಲ. ಸಾರ್ವಜನಿಕ ಸಂಸ್ಥೆಯು ಕುಡಿಯಿರೆಂದು ಒದಗಿಸಿದ ನೀರು ಕುಡಿದು ಸತ್ತರು. ನಲ್ಲಿಯ ಬಾಯಲ್ಲಿ ಲೀಟರಿಗೆ 0.2 ಮಿಲಿಗ್ರಾಮು ಉಳಿದ ಕ್ಲೋರಿನ್ ಇರತಕ್ಕದ್ದೆಂದು ನಮ್ಮ ದೇಶದ ಪ್ರಮಾಣವೇ ಹೇಳುವದು. ಇದನ್ನು ನೋಡುವದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಒಂದು ಕೊಳವೆಯಲ್ಲಿ ನೀರು ಹಿಡಿದು ಎರಡು ಹನಿ ಔಷಧ ಬಿಟ್ಟರೆ ಬಣ್ಣವೇ ಹೇಳುವದು. ರೋಗಾಣುವಿನ ಸಂಶಯಕ್ಕೆ ಮತ್ತೊಂದು ಬಾಟಲಿಯುಂಟು: ನೀರು ತುಂಬಿ ಒಂದೆರಡು ದಿವಸ ಇಟ್ಟಾಗ ಕಪ್ಪಗಾದರೆ ಅದನ್ನು ಕುಡಿಯಬಾರದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಹಳ್ಳಿಗೆ ಐವರು ಹೆಣ್ಣುಮಕ್ಕಳಿಗೆ ಈ ಪರೀಕ್ಷೆಯನ್ನು ಕಲಿಸತಕ್ಕದ್ದೆಂದಿದೆ. ಕಲಿತವರಿದ್ದಲ್ಲಿ ಅವರ ಕೈಗೆ ಪೆಟ್ಟಿಗೆ ಕೊಡಲಿ. ಪೆಟ್ಟಿಗೆಯು ಪಂಚಾಯತಿಯ ಕಪಾಟಿನಲ್ಲಿ ಬೀಗದೊಳಗಿದ್ದು ಫಲವೇನು?

ನಮ್ಮ ಬೇಡಿಕೆಯು ಒಂದೇ. ಮೇ 15ರಿಂದ ಡಿಸೆಂಬರ ಕೊನೆಯ ವರೆಗೆ, ವಾರಕ್ಕೊಂದು ಸಲ, ರಾಯಚೂರಿನ ಪ್ರತಿ ಬಡಾವಣೆಯ ಕಟ್ಟಕಡೆಯ ನಲ್ಲಿಯಲ್ಲಿ, ದೇವದುರ್ಗ ಮಾನ್ವಿ ತಾಲೂಕುಗಳ ಪ್ರತಿ ಹಳ್ಳಿಯ ಟಾಕಿಯಲ್ಲಿ ನೀರನ್ನು ಪರೀಕ್ಷಿಸಿ, ಬಂದ ಅಂಕಿಯನ್ನು ತಾರೀಖು ಸಹಿತ ಟಾಕಿಯ ಗೋಡೆಯ ಮೇಲೆ ಸುಣ್ಣದಿಂದ ಬರೆಯಬೇಕು. ಘಟಕದ ಬಾಗಿಲಲ್ಲಿಯ ಅಂಕಿ ನಮಗೆ ಬೇಡ. ಕಟ್ಟಕಡೆಯ ನಲ್ಲಿಯದು ಬೇಕು. ಹಾಗೆ ಬರೆದಿರುವದನ್ನು ಕಂಡ ವಾಚಕರೂ, ಬರೆಯದಿರುವದನ್ನು ಕಂಡ ವಾಚಕರೂ ಬಡಾವಣೆಯ ಹೆಸರು, ತಾರೀಖುಗಳೊಡನೆ ಒಂದು ಕಾರ್ಡು ಬರೆದರೆ ಪ್ರತಿ ಸೋಮವಾರ ಇದೇ ಪುಟದಲ್ಲಿ ಅಚ್ಚು ಹಾಕುವೆವು. ಬಂದ ಉತ್ತರಗಳಿಗೆ, ಅಧಿಕಾರಿಗಳು ಕಳಿಸಿದರೆ ಅವರ ವಿವರಣೆಗೂ, ಅಷ್ಟೇ ಜಾಗವನ್ನು ಕೊಡುವೆವು.